ಒಂದೂವರೆ ಮಿಲಿ

ಓಶಿವರಾದ ಗಲ್ಲಿಯಲ್ಲಿ, ಪ್ಲೈವುಡ್ ಗೋದಾಮಿನ ಹಿಂದೆ
ನಮ್ಮ ಯಂತ್ರ ಹಗಲಿಡೀ ಹಲ್ಲು ಕಡಿಯುತ್ತದೆ.
ನಾನು ಪರದೆಯ ಮೇಲೆ ಗೆರೆ ಎಳೆದರೆ
ಅದು ಮರದ ಮೇಲೆ ಎಳೆಯುತ್ತದೆ. ಅಷ್ಟೇ ನಮ್ಮ ಸಂಬಂಧ.

ಮರ, ಗಿರಗಾಂವದಲ್ಲಿ ಕೆಡವಿದ ಚಾಳಿನದು,
ಯಾರದೋ ಮಾಡಿನ ತೊಲೆ, ಬರ್ಮಾ ಸಾಗುವಾನಿ.
ಮೊನ್ನೆ ಅದರೊಳಗೆ ಅವಿತಿದ್ದ ಒಂದು ಮೊಳೆ
ಎರಡು ಸಾವಿರದ ಬಿಟ್ಟನ್ನು ಕಟಕ್ಕೆಂದು ಮುರಿಯಿತು.
ಯಾರ ದೀಪಾವಳಿಯ ಕಂದೀಲು ತೂಗಿತ್ತೋ ಅದಕ್ಕೆ,
ಶೇಠ್ ಬೈದದ್ದು ನನ್ನನ್ನು.

ಕುರ್ಚಿಯ ಚೌಕಟ್ಟಿಗೆ ನೂರ ಇಪ್ಪತ್ತೆಂಟು ತೂತು,
ಒಂದರಿಂದ ಒಂದಕ್ಕೆ ಹನ್ನೆರಡೂವರೆ ಮಿಲಿ,
ಕೂದಲೆಳೆ ಹೆಚ್ಚಿಲ್ಲ, ಕೂದಲೆಳೆ ಕಡಿಮೆಯಿಲ್ಲ.
ಬೆತ್ತ ಹೆಣೆಯಲು ಬಂದವರು ಕುಡಾಳಕರ ಕಾಕಾ.
ಹುಟ್ಟಿನಿಂದ ಕಣ್ಣಿಲ್ಲ.
ಮೂವತ್ತು ವರ್ಷ ಕೋರ್ಟಿನ ಕುರ್ಚಿಗಳನ್ನು ಹೆಣೆದವರು;
ಯಾವ ಜಡ್ಜು ಕೂತಲ್ಲೇ ಮಿಸುಕುತ್ತಿದ್ದನೆಂದು
ಹರಿದ ಬೆತ್ತ ಮುಟ್ಟಿ ಹೇಳುತ್ತಿದ್ದರಂತೆ.

ಚೌಕಟ್ಟಿನ ಮೇಲೆ ಬೆರಳು ಓಡಿಸಿದರು,
ಒಂದು ಸುತ್ತು, ಮತ್ತೊಂದು.
ಮೂರನೆಯದಕ್ಕೆ ನಿಂತು ತಮ್ಮ ಮಾಲವಣಿಯಲ್ಲಿ ಅಂದರು:
"ಪೋರೀ, ಇದರಲ್ಲಿ ನಾನು ಕಳೆದುಹೋಗ್ತೀನಿ.
ಬಡಗಿ ಕೊರೆದದ್ದರಲ್ಲಿ ಎಲ್ಲೋ ಒಂದು ಓರೆ ಇರುತ್ತೆ,
ಬೀಡಿ ಹಚ್ಚೋಕೆ ಎದ್ದು ಹೋಗಿ, ಬಂದು ಕೊರೆದದ್ದು.
ಅಲ್ಲಿಂದ ಎಣಿಸ್ತೀನಿ ನಾನು.
ಇಲ್ಲಿ ಯಾರೂ ಎದ್ದೇ ಹೋಗಿಲ್ಲ."

ತಪ್ಪು ಮಾಡುವ ಆಜ್ಞೆ ಯಾವ ಮೆನುವಿನಲ್ಲೂ ಸಿಗಲಿಲ್ಲ.
ಕೈಯಾರೆ ಬರೆಯಬೇಕಾಯಿತು:
ಹಿಂಬದಿಯ ಹದಿನೇಳನೆಯ ತೂತು, ಒಂದೂವರೆ ಮಿಲಿ ಒಳಗೆ.
ಖಚಿತವೇ, ಎಂದಿತು ಪರದೆ.
ಹೂಂ ಅಂದೆ.
ಯಂತ್ರ ಸರ್ರನೆ ಬಂದು ಕೊರೆಯಿತು,
ಓರೆಯನ್ನೂ ಅಷ್ಟೇ ಶ್ರದ್ಧೆಯಿಂದ.

ಕಾಕಾ ಬಕೆಟ್ಟಿನಿಂದ ನೆಂದ ಬೆತ್ತ ಎಳೆಯುತ್ತಾರೆ:
ಉದ್ದ, ಅಡ್ಡ, ಮತ್ತೆ ಉದ್ದ, ಮತ್ತೆ ಅಡ್ಡ,
ಆಮೇಲೆ ಮೂಲೆಯಿಂದ ಮೂಲೆಗೆ.
ಹಲ್ಲಲ್ಲಿ ಒಂದು ಎಳೆ, ಗಂಟಲಲ್ಲಿ ಎಣಿಕೆ.
ಲೋಕಲ್ ಹೋಗುವಾಗ ಬಕೆಟ್ಟಿನ ನೀರು ನಡುಗಿ
ಲೆಕ್ಕ ತಪ್ಪುತ್ತದೆ.
ಬೆರಳು ಹಿಂದಕ್ಕೆ ತಡಕಿ ತಡಕಿ,
ಅಲ್ಲಿ, ಆ ಓರೆಯಲ್ಲಿ, ಕ್ಷಣ ಕೂತು,
ಮತ್ತೆ ಹೊರಡುತ್ತದೆ.

ನಲವತ್ತು ಕುರ್ಚಿಯ ಆರ್ಡರು.
ನಲವತ್ತಕ್ಕೂ ಅದೇ ಫೈಲು, ಅದೇ ಹದಿನೇಳು.
ಹತ್ತನೆಯದನ್ನು ತೊಡೆಯ ಮೇಲೆ ತಿರುಗಿಸಿ ಕಾಕಾ ನಕ್ಕರು:
"ನಿನ್ನ ಬಡಗಿ ಬಲು ಶಿಸ್ತಿನವನು ಕಣೇ,
ದಿನಾ ಒಂದೇ ಹೊತ್ತಿಗೆ ಬೀಡಿ ಹಚ್ತಾನೆ."