ಕೋರಂ ಇಲ್ಲದ ಅರ್ಧ ಗಂಟೆ

ಬೈಲಾದ ಪ್ರಕಾರ ಇಪ್ಪತ್ತೊಂದು ಜನ ಬೇಕು.
ಬಂದವರು, ನನ್ನನ್ನೂ ಸೇರಿಸಿ, ಹತ್ತೊಂಬತ್ತು.
ಯಶವಂತಪುರದ ಸಿಗ್ನಲ್ಲಿನಲ್ಲಿದ್ದೇನೆ ಎಂದು
ಗಂಟೆಯಿಂದ ಹೇಳುತ್ತಲೇ ಇರುವ ಅಧ್ಯಕ್ಷರನ್ನು ಬಿಟ್ಟು.

ಮಲ್ಲೇಶ್ವರದ ಈ ಛತ್ರದಲ್ಲಿ ನಾವು ಮೇಲೆ, ನಾಮಕರಣ ಕೆಳಗೆ.
ನಮ್ಮ ಬ್ಯಾನರಿನ ಒಂದು ತುದಿಯನ್ನು
ಅವರ ಚೆಂಡುಹೂವಿನ ಹಾರಕ್ಕೇ ಕಟ್ಟಿದೆ:
ಸ್ವತಂತ್ರ ಮಾಹಿತಿ ವೃತ್ತಿನಿರತರ ಸಂಘ, ಹದಿನಾಲ್ಕನೆಯ ಸಮ್ಮೇಳನ.
ಅಡುಗೆಯವನು ಓದಿ ಕೇಳಿದ, "ಮಾಹಿತಿ ಹಕ್ಕಿನೋರಾ ಮೇಡಂ?"
ಅಲ್ಲಪ್ಪ ಎಂದೆ. ಮತ್ತೆ ಯಾರು ಎಂದು ಹೇಳಲು
ಹದಿನಾಲ್ಕು ವರ್ಷದಿಂದ ಒಂದು ವಾಕ್ಯ ಹುಡುಕುತ್ತಿದ್ದೇನೆ.

ಕೊರಳ ಬ್ಯಾಡ್ಜಿನಲ್ಲಿ ಹೆಸರು, ಹೆಸರಿನ ಕೆಳಗೆ 'ಸಂಸ್ಥೆ'.
ಆ ಗೆರೆ ಬೇಡವೆಂದು ಪ್ರಿಂಟಿನವನಿಗೆ ಪ್ರತಿವರ್ಷ ಹೇಳುತ್ತೇನೆ.
ಫ್ಲೇವಿಯಾ ಅಲ್ಲಿ 'ಊಟದ ಮೇಜು' ಎಂದು ತುಂಬಿದ್ದಾಳೆ.
ಇನಾಯತುಲ್ಲಾ ಸಾಹೇಬರು ಇನ್ನೂ ಮುಚ್ಚಿಹೋದ ಕಾರ್ಖಾನೆಯ ಹೆಸರನ್ನೇ.
ಅದರ ಲೈಬ್ರರಿಯ ಮೂವತ್ತು ಸಾವಿರ ಕಾರ್ಡು ತೂಕಕ್ಕೆ ಹೋದ ದಿನ
ಲಾರಿಯ ಹಿಂದೆ ಗೇಟಿನ ತನಕ ನಡೆದವರು.

ಅರ್ಧ ಗಂಟೆ ಮುಂದೂಡಿ ಮತ್ತೆ ಸೇರಿದರೆ
ಇದ್ದಷ್ಟೇ ಜನ ಸಾಕು. ಇದೂ ಬೈಲಾ.
ನಡಾವಳಿಯಲ್ಲಿ ಹನ್ನೊಂದು ಆದಮೇಲೆ ನೇರ ಹನ್ನೊಂದೂವರೆ ಬರುತ್ತದೆ.
ನಡುವಿನದು ಇದು.

ಮೆಟ್ಟಿಲ ಮೇಲೆ ಕಾಫಿ.
"ಗಂಟೆಗೆ ಎಷ್ಟು ತಗೋತೀರಿ?" ಹೊಸ ಹುಡುಗ ತೇಜಪಾಲ,
ವಯಸ್ಸು ಕೇಳುವವನ ತಗ್ಗಿದ ದನಿಯಲ್ಲಿ.
ಎಲ್ಲರೂ ಲೋಟದೊಳಗೆ ನೋಡಿದೆವು.
ಸರೋಜಿನಿ ಹಂದ್ರಾಳ ಮಾತ್ರ ದರ ಹೇಳಿದಳು,
ಹೇಳಿ, ಸೆರಗು ಸರಿಮಾಡಿಕೊಂಡಳು.
"ಮೂರು ದಿನ ಹುಡುಕಿಯೂ ಸಿಗದಿದ್ದರೆ?"
"ಆಗಲೂ ಬಿಲ್ಲು," ಸಾಹೇಬರು. "ಇಲ್ಲ ಅನ್ನೋದು ಬರಿಗೈಯಲ್ಲ ಮಗಾ.
ಎಲ್ಲೆಲ್ಲಿ ಇಲ್ಲ ಅಂತ ಬರೆದುಕೊಡು."

ಅಷ್ಟರಲ್ಲಿ ಕೆಳಗಿನಿಂದ ಒಬ್ಬ ಅಜ್ಜ,
ಕೈಯಲ್ಲಿ ಕೋಸಂಬರಿಯ ದೊನ್ನೆ, ಏದುಸಿರು:
"ನೀವು ಹುಡುಕಿಕೊಡೋರಂತೆ?"

ಮಗುವಿಗೆ ಮುತ್ತಜ್ಜಿಯ ಹೆಸರಿಡಬೇಕು.
ಊರೆಲ್ಲ ಪುಟ್ಟಮ್ಮ ಎಂದದ್ದು; ನಿಜದ ಹೆಸರು ಬೇರೆ.
ತಿಮ್ಮಾಜಮ್ಮ ಎಂದು ಸೋದರಮಾವ, ತಿರುಮಲಮ್ಮ ಎಂದು ಅತ್ತೆ.
ಅಕ್ಕಿಯ ತಟ್ಟೆಯ ಮೇಲೆ ಉಂಗುರ ಹಾಗೇ ನಿಂತಿದೆ,
'ತಿ' ತನಕ ಬರೆದು.

ಸಮ್ಮೇಳನ ಶುರುವಾದದ್ದು ಆಗ.
ಯಾವ ಹೋಬಳಿ? ಪಹಣಿ ಯಾರ ಹೆಸರಲ್ಲಿತ್ತು?
ಓಟು ಹಾಕಿದ್ದರಾ? ವಿಧವಾ ವೇತನ? ಆಸ್ಪತ್ರೆ ಚೀಟಿ?
ಹಂದ್ರಾಳ ಯಾವನೋ ಗುಮಾಸ್ತನನ್ನು ಭಾನುವಾರದ ನಿದ್ದೆಯಿಂದ ಎಬ್ಬಿಸಿದಳು.
ಗಿರಾಕಿ ಕದ್ದಾರೆಂದು ಒಬ್ಬರನ್ನೊಬ್ಬರು ಅನುಮಾನಿಸುವ ಹತ್ತೊಂಬತ್ತು ಜನ
ಅಜ್ಜನ ಒಡೆದ ಫೋನಿನ ಮೇಲೆ ಬಗ್ಗಿದೆವು.

ಇಪ್ಪತ್ತೈದು ನಿಮಿಷ.
ಗಂಡನ ಹೆಸರು ಮೂರು ಕಡೆ ಸಿಕ್ಕಿತು, ಇನಿಷಿಯಲ್ ಸಮೇತ.
ಅವಳು, ಯಾರೋ ಮೊಮ್ಮಗ ಕಳಿಸಿದ ಕ್ರಯಪತ್ರದ ಫೋಟೋದಲ್ಲಿ,
'ಕೋಂ ಮುದ್ದುರಂಗಯ್ಯ'. ಅದರ ಮೊದಲಿನ ಜಾಗದಲ್ಲಿ ಗೆದ್ದಲು.
ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟು, ಮಸಿ ಸ್ವಲ್ಪ ಹೆಚ್ಚಾಗಿ.

ಸಾಹೇಬರೇ ಇಳಿದು ಹೇಳಿದರು: ನೋಡಿದ್ದು ಇಷ್ಟು,
ಸೋಮವಾರ ಕಚೇರಿ ತೆಗೆದರೆ ನೋಡಬಹುದಾದ್ದು ಇಷ್ಟು,
ಈಗ ಸಿಗಲಿಲ್ಲ.
ವಾಲಗದವನೂ ಸುಮ್ಮನಾದ.
ಆಮೇಲೆ ಬಾಣಂತಿ (ಅವಳನ್ನು ಯಾರೂ ಕೇಳಿರಲಿಲ್ಲ)
"ಪುಟ್ಟಮ್ಮ ಅಂತಲೇ ಬರೀರಿ" ಅಂದಳಂತೆ.
ಅತ್ತೆ ಊಟಕ್ಕೆ ಕೂರಲಿಲ್ಲ ಅಂತಲೂ ಸುದ್ದಿ.

ಹನ್ನೊಂದೂವರೆ. ಇದ್ದವರೇ ಕೋರಂ.
ಖಜಾಂಚಿ ಲೆಕ್ಕ ಓದುತ್ತಿದ್ದಾನೆ, ನಾವೆಲ್ಲ ಹೋಳಿಗೆ ತಿನ್ನುತ್ತಿದ್ದೇವೆ,
ಸಂಘಕ್ಕೆ ಈ ವರ್ಷ ಬಂದ ಮೊದಲ ಫೀಸು.

ಹಾಜರಿ ಪುಸ್ತಕದಲ್ಲಿ ಇಪ್ಪತ್ತನೆಯ ಸಹಿ ಒಂದಿದೆ.
ನಡುಗುವ ಅಕ್ಷರ, ಅಜ್ಜನದು.
ಸಂಸ್ಥೆ: 'ಕೆಳಗಡೆ'.
ಕಾರ್ಯದರ್ಶಿ ನಾನು, ಹೊಡೆದುಹಾಕಬೇಕು.
ಪೆನ್ನಿನ ಮುಚ್ಚಳ ತೆಗೆದಿದ್ದೇನೆ.

ಅಧ್ಯಕ್ಷರ ಫೋನು: ಸಿಗ್ನಲ್ಲು ಬಿಟ್ಟಿತಂತೆ.
ಅವರು ಬಂದರೆ ಇಪ್ಪತ್ತೊಂದು.