ಬರಿಗಾಳಿಯ ಗುಂಡಿ

ಕ್ಯಾಸ್ತೆಲ್‌ಫಿದಾರ್ದೊ ಊರಲ್ಲಿ
ನಲವತ್ತೊಂದು ವರ್ಷ ಅಕಾರ್ಡಿಯನ್ ಬಿಚ್ಚಿ ಜೋಡಿಸಿದವನು ನಾನು, ನಾಜ್ಜರೇನೊ.
ಉಕ್ಕಿನ ಒಂದೊಂದು ಎಳೆಯ ಬೆನ್ನಿಗೂ
ಬೆರಳಗಲ ತೊಗಲಿನ ಚೂರು.
ಗಾಳಿ ಬಂದರೆ ಏಳಬೇಕು, ಹೋದರೆ ಮಲಗಬೇಕು,
ಅಷ್ಟೇ ಅದರ ಕೆಲಸ.
ಸೆಟೆದುಕೊಂಡ ದಿನ ಸ್ವರವೆಲ್ಲ ಗೊರಗೊರ.

ಹಾಗಾಗಿ ಅಂಕೋನಾದ ಸರ್ಜನ್
ಚೀಟಿಯ ಮೇಲೆ ನನ್ನ ಕವಾಟ ಬರೆದು ತೋರಿಸಿದಾಗ
ಗೊತ್ತು ಬಿಡಿ, ಅಂದೆ.
ಯಾವ ತೊಗಲು ಹಾಕುತ್ತೀರಿ?
ಹಸುವಿನದು, ಅಂದರು, ಹೃದಯದ ಹೊರಪೊರೆ.
ನಾನು ಹಾಕುವುದು ಮೇಕೆಯದು.
ಇಬ್ಬರೂ ನಕ್ಕೆವು. ಅವರಿಗೆ ನಗು ಸುಲಭವಿತ್ತು.

ಬಿಚ್ಚುವುದಲ್ಲ, ಮುಚ್ಚುವುದೇ ವಿದ್ಯೆ
ಅನ್ನುತ್ತಿದ್ದರು ನನಗೆ ಕಲಿಸಿದ ಮೇಸ್ತ್ರಿ.
ಎದೆಮೂಳೆಗೆ ಆರು ತಂತಿ ಬಿಗಿದಿದ್ದಾರಂತೆ.
ಎಣಿಸಿಲ್ಲ, ನಂಬಿದ್ದೇನೆ.

ಮಾರನೆ ಬೆಳಿಗ್ಗೆಯೇ ಬಂದಳು ಮಿರೇಲಾ,
ದುರ್ರೆಸ್‌ನಿಂದ ಕಡಲು ದಾಟಿ ಬಂದ ಹುಡುಗಿ,
ಬಿಳಿ ಬೂಟು, ಕರುಣೆಯಿಲ್ಲದ ಕೈಗಡಿಯಾರ.
"ಕೈ ಊರಬೇಡಿ. ದಿಂಬು ಅಪ್ಪಿಕೊಳ್ಳಿ.
ಮಗ್ಗುಲಾಗಿ ಏಳಿ. ಈಗ ಕೆಮ್ಮಿ."
ಹನ್ನೊಂದು ಕಿಲೋ ಪೆಟ್ಟಿಗೆ ತಬ್ಬಿದ ತೋಳಿಗೆ
ಒಂದು ಆಸ್ಪತ್ರೆಯ ದಿಂಬು!
ಕೆಮ್ಮಿದೆ. ಆರೂ ತಂತಿ ಒಟ್ಟಿಗೆ ನುಡಿದವು.
ಯಾವ ಸ್ವರ ಅಂತ ಕೇಳಬೇಡಿ.

ಆಮೇಲೆ ಪ್ಲಾಸ್ಟಿಕ್ ಡಬ್ಬಿ, ಒಳಗೆ ಮೂರು ನೀಲಿ ಚೆಂಡು.
ಉಸಿರೆಳೆದು ಏರಿಸಬೇಕು, ಗಂಟೆಗೆ ಹತ್ತು ಸಲ.
ಮೊದಲ ಚೆಂಡು ನಡುಗಿತು.
ಎರಡನೆಯದು ನನ್ನನ್ನು ನೋಡಿತು, ಅಷ್ಟೇ.
ಎಷ್ಟು ತಿದಿಗಳ ಹರಿದ ಮೂಲೆಗೆ ಪಟ್ಟಿ ಅಂಟಿಸಿದ್ದೇನೆ,
ನನ್ನ ತಿದಿಯ ಮುಂದೆ ಸೋತು ಕೂತೆ.

ಮೂರನೆಯ ರಾತ್ರಿ ಎದೆಯೊಳಗೆ ಯಾರೋ ಅವಲಕ್ಕಿ ಕುಟ್ಟಿದರು,
ತಾಳವಿಲ್ಲ, ಲೆಕ್ಕವಿಲ್ಲ.
ನರ್ಸ್ ಪರದೆ ನೋಡಿ ನಳಿಗೆಯಲ್ಲಿ ಏನೋ ಇಳಿಸಿದಳು.
ಬೆಳಗಾಗುವಷ್ಟರಲ್ಲಿ ಕುಟ್ಟುವವರು ಒನಕೆ ಒರಗಿಸಿ ಹೋಗಿದ್ದರು.

ಐದನೆಯ ದಿನ, ಸೂಪು ಆರಿದೆ ಅಂತ ಅತ್ತೆ.
ಅಪ್ಪನ ಮಣ್ಣಿನಲ್ಲಿ ಅಳದವನು!
ನನ್ನಾಕೆ ಮಫಾಲ್ದಾ ಗಾಬರಿಯಾದಳು.
"ಇದೂ ಗಾಯವೇ," ಅಂದಳು ಮಿರೇಲಾ, "ಮಾಯುತ್ತದೆ.
ಈಗ ಕಿಟಕಿಯ ತನಕ."
ಕಿಟಕಿಯ ತನಕ ಮೂವತ್ತಾರು ಹೆಜ್ಜೆ.
ಅಲ್ಲಿ ಕಡಲು. ಆಚೆ ಅವಳ ಊರು, ಕಾಣುವುದಿಲ್ಲ.
"ಮಾತಾಡುತ್ತ ನಡೆಯಿರಿ. ಮಾತು ತುಂಡಾದರೆ ನಿಲ್ಲಿ."
ಏನು ಮಾತು?
"ಏನಾದರೂ. ಸುಳ್ಳಾದರೂ ಪರವಾಗಿಲ್ಲ."
ಹೇಳಿದೆ: ಒಮ್ಮೆ ರಿಪೇರಿಗೆ ಬಂದ ಪೆಟ್ಟಿಗೆಯೊಳಗೆ
ಇಲಿ ಮರಿ ಹಾಕಿತ್ತು, ಮಂದ್ರ ಸ್ವರಗಳ ಮೂಲೆಯಲ್ಲಿ.
ತಾಯಿ ಮರಿಗಳನ್ನು ಕೊಂಡೊಯ್ಯುವ ತನಕ
ಗಿರಾಕಿಗೆ ನಾಳೆ ಬಾ, ನಾಳೆ ಬಾ ಅಂದಿದ್ದೆ.
ಅದು ಸುಳ್ಳಲ್ಲ.
ಮುಗಿಯುವಾಗ ಕಾರಿಡಾರಿನ ಇನ್ನೊಂದು ತುದಿಯಲ್ಲಿದ್ದೆವು,
ಹೆಜ್ಜೆ ಇಬ್ಬರೂ ಎಣಿಸಿರಲಿಲ್ಲ.

ಮನೆಯಲ್ಲಿ ನಿಯಮಗಳು ಫ್ರಿಜ್ಜಿನ ಬಾಗಿಲಿಗೆ.
ಎರಡು ಕಿಲೋ ಮೀರಿದ್ದೇನನ್ನೂ ಎತ್ತಬಾರದು.
ಬೆಳಿಗ್ಗೆ ಮಫಾಲ್ದಾ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾಳೆ:
ರಾತ್ರಿ ಕಳೆಯುವುದರೊಳಗೆ ಕಿಲೋ ಏರಿದರೆ ಫೋನ್ ಮಾಡಬೇಕು,
ಅದು ಕೊಬ್ಬಲ್ಲ, ನೀರು.
ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಬೇಕು
ಎದೆಯಲ್ಲಿ ಹಸು ಇದೆಯೆಂದು.

ನಮ್ಮೂರು ಗುಡ್ಡದ ಮೇಲೆ. ಬ್ರೆಡ್ಡಿನಂಗಡಿಗೆ ಇಳಿಜಾರು, ಬರುವಾಗ ಏರು.
ಮೊದಲ ವಾರ ಹೋಗುವಾಗ ಮಾತ್ರ ಶೂರ.
ನಡುದಾರಿಯ ಬೆಂಚಿನಲ್ಲಿ ಕೂತರೆ ಊರೇ ವಿಚಾರಿಸುತ್ತದೆ.
ಕೆಲವರು ಒಳ್ಳೆಯವರು,
ಏನೂ ಕೇಳದೆ ಪಕ್ಕದಲ್ಲಿ ಕೂರುತ್ತಾರೆ.

ಹನ್ನೆರಡು ವಾರ ಕಳೆದು ಅಂಗಡಿಯ ಬೀಗ ತೆಗೆದೆ.
ಜೇನುಮೇಣದ ವಾಸನೆ ಹಾಗೇ ಕಾದಿತ್ತು.
ಪಟ್ಟಿಗೆ ಭುಜ ಕೊಡಲಿಲ್ಲ. ಮೇಜಿನ ಮೇಲೆಯೇ ಇಟ್ಟು
ಬರಿಗಾಳಿಯ ಗುಂಡಿ ಒತ್ತಿದೆ.
ಎಲ್ಲ ಅಕಾರ್ಡಿಯನ್ನಿಗೂ ಇರುತ್ತದೆ ಅದು, ಕೇಳುವವರಿಗೆ ತಿಳಿಯದು,
ಸ್ವರ ಹೊರಡದ ಹಾಗೆ ತಿದಿ ತೆರೆದು ಮುಚ್ಚಲಿಕ್ಕೆ.
ಎಳೆದೆ. ಬಿಟ್ಟೆ. ಎಳೆದೆ.
ಮೇಕೆಯ ತೊಗಲುಗಳೆಲ್ಲ ನಿದ್ದೆಯಲ್ಲಿದ್ದವು,
ಹಸುವಿನದೊಂದೇ ಎಚ್ಚರ.

ಸಂಜೆ ಫೋನಿನಲ್ಲಿ ಮಿರೇಲಾ: ಎಷ್ಟು ಹೊತ್ತು ಮಾಡಿದಿರಿ?
ಹತ್ತು ನಿಮಿಷ, ಅಂದೆ.
ಗಡಿಯಾರ ನೋಡಿರಲಿಲ್ಲ.