ಓದಲು ಮಾತ್ರ

ಗ್ರಿಮ್ಸ್‌ಬಿಯ ಬಂದರಿನ ಹಿಂದೆ, ಮೀನಿಗೆ ಹೊಗೆ ಕೊಡುವ ಕಟ್ಟಡದ ಮೇಲಂತಸ್ತು.
ಓಕ್ ಮರದ ಪುಡಿಯ ಹೊಗೆ ಹಲಗೆ ಸಂದಿಯಿಂದ ಏರಿ
ಕೀಬೋರ್ಡಿಗೂ ಹತ್ತಿದೆ, ನನ್ನ ಸ್ವೆಟರಿಗೂ.

ಇಲ್ಲಿ ಕೂತು ಕಿರ್ದಿ ಬರೆಯುತ್ತಿದ್ದ ಬೆರಿಲ್ ಮಾಕಿಂಡರ್
ಕಳೆದ ತಿಂಗಳು ನಿವೃತ್ತರಾದರು.
ಬಿಟ್ಟುಹೋದದ್ದು ಒಂದು ಕಳ್ಳಿ ಗಿಡ, ಒಂದು ಹಳೇ ಲೆಕ್ಕದ ಸಾಫ್ಟ್‌ವೇರು,
ಪಾಸ್‌ವರ್ಡಿನ ಚೀಟಿ, ಚೀಟಿಯ ಮೇಲೆ ಚಹದ ಉಂಗುರ.

ಧಣಿ ಟ್ರೆವರ್ ಹಾಲ್ಗಾರ್ತ್ ಕೇಳಿದ್ದು ಇಷ್ಟೇ:
ಬಾಕಿದಾರರ ಪಟ್ಟಿ, ಶುಕ್ರವಾರ ಸಂಜೆಗೊಮ್ಮೆ, ತಾನಾಗಿ.
ಆಗುತ್ತಾ?
ಆಗುತ್ತೆ, ಅಂದೆ.
ಮೊದಲ ದಿನ ಎಲ್ಲರೂ ಹಾಗೇ ಅನ್ನುವುದು.

ನನ್ನದು ಪೈಥಾನ್. ಅದಕ್ಕೆ ಬೆರಿಲ್ ಅವರ ಖಾತೆಯ ಭಾಷೆ ಬಾರದು.
ನಡುವೆ ಒಬ್ಬ ದುಭಾಷಿ ಬೇಕು. ಡ್ರೈವರ್ ಅನ್ನುತ್ತಾರೆ ಅವನಿಗೆ,
ಓಡಿಸುವುದೇನೂ ಇಲ್ಲ,
ನಾನು ಕೇಳಿದ್ದನ್ನು ಅಲ್ಲಿ ಹೇಳಬೇಕು, ಅಲ್ಲಿ ಅಂದದ್ದನ್ನು ಇಲ್ಲಿ ತರಬೇಕು.
ಅವನು ಬಾಗಿಲನ್ನೇ ತೆಗೆಯಲಿಲ್ಲ.
ನಾನು ಅರವತ್ತನಾಲ್ಕು ಬಿಟ್ಟಿನವಳು, ಅವನು ಮೂವತ್ತೆರಡರವನು.
ಮನೆ ಹುಡುಕಿಕೊಂಡು ಹೋದರೆ
ಅರವತ್ತನಾಲ್ಕೆಂದು ಬೋರ್ಡು ಹಾಕಿದ ಫೋಲ್ಡರಿನಲ್ಲಿ ಮೂವತ್ತೆರಡರ ವಾಸ,
ಮೂವತ್ತೆರಡೆಂದ ಕಡೆ ಅರವತ್ತನಾಲ್ಕರ ಸಂಸಾರ.
ಯಾವ ಪುಣ್ಯಾತ್ಮ ಹೆಸರಿಟ್ಟನೋ!

ಡೇಟಾ ಮೂಲ ಸಿಗಲಿಲ್ಲ. ಸಿಗಲಿಲ್ಲ. ಸಿಗಲಿಲ್ಲ.
ಕೆಳಗೆ ಐಸಿನ ಲಾರಿ ಬಂತು, ಹೋಯಿತು, ಮತ್ತೆ ಬಂತು.
ಮೂರನೆಯ ದಿನ, ನಾಲ್ಕು ಗಂಟೆ ಹತ್ತು ನಿಮಿಷಕ್ಕೆ,
ಏನೂ ಆಗದವನಂತೆ ಅವನು ಒಂದು ಸಾಲು ತಂದಿಟ್ಟ:
ಆಲ್‌ಕಾಕ್, ಕ್ಲೀಥೋರ್ಪ್ಸ್, ಕಾಡ್ ಮೀನು, ಆರು ಸ್ಟೋನ್.
ನಾನು ಚಪ್ಪಾಳೆ ತಟ್ಟಿದೆ.
ಕಿಟಕಿಯ ಕಡಲಕ್ಕಿ ಬೇಜಾರು ಮಾಡಿಕೊಂಡು ಹಾರಿತು.

ಷರತ್ತು ಒಂದೇ: ಓದಬಹುದು, ಬರೆಯುವಂತಿಲ್ಲ.

ಇನ್ನೊಂದು ತಮಾಷೆ. ಹಣ ಕಟ್ಟಿದ ತಾರೀಕು ಎಲ್ಲಿ ಖಾಲಿಯೋ
ಅಲ್ಲೆಲ್ಲ ಅವನು ಹೇಳಿದ್ದು
ಸಾವಿರದ ಎಂಟುನೂರ ತೊಂಬತ್ತೊಂಬತ್ತು, ಡಿಸೆಂಬರ್ ಮೂವತ್ತು.
ಇಲ್ಲ ಅನ್ನಲು ನಾಲಗೆ ಬಾರದೆ, ಪಾಪ, ಒಂದು ದಿನ ಹೆಸರಿಸುತ್ತಾನೆ.
ಆ ಪ್ರಕಾರ ಊರಿನ ಬಾಕಿದಾರರೆಲ್ಲ
ತಮ್ಮ ತಾತ ಹುಟ್ಟುವ ಮೊದಲೇ ಕಟ್ಟಿ ಕೈತೊಳೆದವರು.
ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

ಆ ತಾರೀಕನ್ನು ಶೋಧಿಸಿ ತೆಗೆದ ಮೇಲೆ ಪಟ್ಟಿ ಬಂತು.
ಕೊನೆಯಲ್ಲಿ, ಎಲ್ಲರಿಗಿಂತ ಉದ್ದವಾಗಿ, ಡ್ರೂರಿ ಎಂಬ ಖಾತೆ.
ಇನ್ನೂರ ತೊಂಬತ್ತು ಶುಕ್ರವಾರ.
ಪ್ರತಿ ಶುಕ್ರವಾರ ಹ್ಯಾಡಕ್ ಎರಡು, ದರ ಒಂದೊಂದು ಪೆನ್ನಿ.
ಒಟ್ಟು ಬಾಕಿ ಐದು ಪೌಂಡ್ ಎಂಬತ್ತು.

ಇದು ಯಾರು? ಅಂದ ಟ್ರೆವರ್.
ಬೆರಿಲ್‌ಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದ.
ಆ ಕಡೆ ಕುಕ್ಕರೋ ಕೆಟಲೋ ಕೂಗುತ್ತಿತ್ತು.
ವಿನಿ ಡ್ರೂರಿ, ಟ್ರೆವರ್. ನಿಮ್ಮಪ್ಪನ ಕಾಲದಲ್ಲಿ ಮೀನು ಸೀಳುತ್ತಿದ್ದವಳು.
ಈಗ ಬೆರಳು ಮಡಚುವುದಿಲ್ಲ, ಚಾಕು ಹಿಡಿಯಲಾರಳು.
ಸೊನ್ನೆ ಬರೆದರೆ ಮೆಷಿನ್ನು ಒಪ್ಪಲ್ಲ, ಅದಕ್ಕೆ ಒಂದು ಪೆನ್ನಿ.
ಬರೆಯದೇ ಕೊಟ್ಟಿದ್ದರೆ?
ಮೀನು ತಪ್ಪುತ್ತಿತ್ತಲ್ಲ, ಅಂದರು ಬೆರಿಲ್. ದಾಸ್ತಾನು ತಾಳೆಯಾಗಬೇಕು.
ದಾನಕ್ಕೂ ಒಂದು ಲೆಕ್ಕ ಬೇಡವೇ?

ಟ್ರೆವರ್ ಏನೂ ಅನ್ನಲಿಲ್ಲ.
ಪಟ್ಟಿಯ ಕಾಗದ ಮಡಚಿ ಕಿಸೆಗೆ ಹಾಕಿಕೊಂಡು ಮೆಟ್ಟಿಲಿಳಿದ.
ಏಪ್ರನ್ನು ಕಟ್ಟಿಕೊಳ್ಳುವ ಸದ್ದು ಕೇಳಿಸಿತೆಂದು ಹೇಳಲಾರೆ;
ಕೆಳಗೆ ಫ್ರಿಜ್ಜುಗಳ ಗದ್ದಲ.

ಮುಂದಿನ ಶುಕ್ರವಾರ ಸಂಜೆ ನನ್ನ ಸ್ಕ್ರಿಪ್ಟ್ ಎಡವಿ ಬಿತ್ತು.
ಡ್ರೂರಿ ಖಾತೆ, ಹೊಸ ಸಾಲು, ಬರೆದವರ ಕಾಲಮ್ಮಿನಲ್ಲಿ ಟಿ.ಎಚ್.
ಬೆರಿಲ್ ಹೋದ ಮೇಲೆ ತಪ್ಪಿದ ನಾಲ್ಕು ವಾರ ಒಟ್ಟಿಗೆ,
ಮೀನು ಎಂಟು, ದರ ಒಂದು ಪೆನ್ನಿ.
ಮೀನಿನ ಹೆಸರು ಮಾತ್ರ ಹಾಡಕ್ಕು ಎಂದಾಗಿತ್ತು.
ಜೀವಮಾನವಿಡೀ ಮಾರಿದವನು, ಬರೆದವನಲ್ಲ.

ತಿದ್ದುವ ಹಕ್ಕು ನನಗಿಲ್ಲ.
ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿದೆ:
ಹೀಗೆ ಬರೆದರೂ ಮೀನೇ ಎಂದು ಓದಿಕೋ.